ಕೊಡಗಿನಲ್ಲಿ ಜ್ಞಾನದಾಸೋಹ: ಅರಸನ ಬೊಕ್ಕಸದಿಂದ ದತ್ತಿನಿಧಿಯವರೆಗೆ

ಕನ್ನಡ ನಾಡಿನ ಶಾಸನಗಳ ಮಹಾಕೋಶವೆನಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಮೊಟ್ಟಮೊದಲ ಸಂಪುಟವು ಕೊಡಗಿಗೆ ಮೀಸಲಾದುದು. ಬಿ. ಎಲ್. ರೈಸ್ ಅವರು 1886ರಲ್ಲಿ ಅದನ್ನು ಪ್ರಕಟಿಸಿದರು. ಪರಿಷ್ಕೃತ ಆವೃತ್ತಿ 1914ರಲ್ಲಿ ಹೊರಬಂದಿತು. ಗಾತ್ರದಲ್ಲಿ ಅದು ಮಿಕ್ಕ ಸಂಪುಟಗಳಿಗಿಂತ ಕಿರಿದು. ಆದರೂ ಅದನ್ನು ತೆರೆದು ನೋಡಿದವರಿಗೆ ಒಂದು ಸಂಗತಿ ಕೂಡಲೇ ಗೋಚರಿಸುತ್ತದೆ: ಆ ಕಲ್ಲುಗಳಲ್ಲಿ ಬಹುಮಟ್ಟಿನವು ಕೊಟ್ಟುದರ ದಾಖಲೆಗಳು. ಯಾರು ಕೊಟ್ಟರು, ಏನನ್ನು ಕೊಟ್ಟರು, ಯಾರ ಕೈಗೆ ಕೊಟ್ಟರು, ಯಾರು ಸಾಕ್ಷಿಯಾದರು, ಅಳಿದವನಿಗೆ ಏನಾಗುವುದು, ಇಷ್ಟು ಸಂಗತಿಗಳು ಅಲ್ಲಿರುತ್ತವೆ. ಬಿಳಿಯೂರಿನ ಶಾಸನವು ಕ್ರಿ. ಶ. 887ರ ಸುಮಾರಿನದು. ಪೆನ್ನೆಕಡಂಗದ ಸತ್ಯವಾಕ್ಯ ಜಿನಾಲಯಕ್ಕಾಗಿ ಗಂಗರ ಪೆರ್ಮಾನಡಿಯು ಬಿಳಿಯೂರಿನ ಹನ್ನೆರಡು ಹಳ್ಳಿಗಳನ್ನು ಸರ್ವಣಂದಿದೇವರಿಗೆ ಬಿಟ್ಟುಕೊಟ್ಟುದನ್ನು ಅದು ಹೇಳುತ್ತದೆ. ಶನಿವಾರಸಂತೆಯ ಬಳಿಯ ಮುಳ್ಳೂರಿನಲ್ಲಿ ಹನ್ನೊಂದನೆಯ ಶತಮಾನದ ಕೊಂಗಾಳ್ವರ ಬಸದಿಗಳಿವೆ. ಅಲ್ಲಿಯ ಗುಣಸೇನ ಪಂಡಿತರು ಕೊಂಗಾಳ್ವ ಮನೆತನಕ್ಕೆ ಗುರುವಾಗಿದ್ದವರು. ಅವರಿಗೂ ಅವರ ಬಸದಿಗೂ ಸಂದ ದಾನಗಳು ಕಲ್ಲಿನ ಮೇಲೆ ನಿಂತಿವೆ.

ಈ ದಾನಗಳನ್ನು ಕೇವಲ ಪೂಜೆಯ ವೆಚ್ಚವೆಂದು ಎಣಿಸಿದರೆ ಅರ್ಧ ಚರಿತ್ರೆಯನ್ನು ಮಾತ್ರ ಓದಿದಂತಾಗುವುದು. ಪಂಡಿತನೊಬ್ಬನ ಕೈಗೆ ಭೂಮಿ ಸಂದಿತೆಂದರೆ ಅವನ ಬಳಿಗೆ ಬಂದವರಿಗೆ ಓದು ದೊರೆಯಿತೆಂದೇ ಅರ್ಥ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವು ಇದನ್ನು ಬಿಡಿಬಿಡಿಯಾಗಿ ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನ, ಲಾಕುಳಸಿದ್ಧಾಂತಗಳ ವ್ಯಾಖ್ಯಾನಸ್ಥಾನವೆಂದು ಆ ಮಠವನ್ನು ಕೊಂಡಾಡುವ ಶಾಸನವೇ ಅದನ್ನು ದೀನರಿಗೂ ಅನಾಥರಿಗೂ ಅನ್ನವಿಕ್ಕುವ ಸ್ಥಾನವೆಂದೂ ಕರೆಯುತ್ತದೆ. ಓದಿಗೆ ಶುಲ್ಕವಿಲ್ಲ, ಊಟಕ್ಕೆ ಬೆಲೆಯಿಲ್ಲ. ಎರಡಕ್ಕೂ ಆಧಾರ ಬಿಟ್ಟಿ ಬಂದ ಭೂಮಿಯ ಹುಟ್ಟುವಳಿ. ಇದಕ್ಕೂ ಹಿಂದಿನ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಸಾಹಿತ್ಯ ವಿದ್ಯಾರ್ಥಿಗಳಿಗೆ ಹೊಸದಲ್ಲ. ಪೊನ್ನನ ಶಾಂತಿಪುರಾಣ ಕಣ್ಮರೆಯಾಗಬಾರದೆಂದು ಆಕೆ ಸ್ವಂತ ಹಣದಿಂದ ಅದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಒಂದೊಂದು ಗರಿಯನ್ನೂ ಕಂಠದಿಂದ ಕೊರೆದು ಮಸಿ ತುಂಬಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಷ್ಟು ಲಿಪಿಕಾರರ ಎಷ್ಟು ದಿನಗಳ ಅನ್ನ ಎಂಬುದನ್ನು ವಾಚಕರೇ ಊಹಿಸಬಹುದು.

ಆದರೆ ಗಂಗರದಾಗಲಿ ಅತ್ತಿಮಬ್ಬೆಯದಾಗಲಿ ಉಳ್ಳವರ ಕೊಡುಗೆ. ಕೊಡುವವರು ಕೆಲವರು, ಪಡೆಯುವವರು ಹಲವರು. ಹನ್ನೆರಡನೆಯ ಶತಮಾನದ ಶರಣರು ಈ ಲೆಕ್ಕವನ್ನೇ ಬದಲಿಸಿದರು. ಕಾಯಕದಿಂದ ಬಂದುದರಲ್ಲಿ ದಾಸೋಹ ನಡೆಯಬೇಕೆಂದಾಗ, ಕೊಡುವ ಅಧಿಕಾರ ಅರಸನಿಂದ ಮಡಿವಾಳನಿಗೂ ಅಂಬಿಗನಿಗೂ ಹಗ್ಗ ಹೊಸೆಯುವವನಿಗೂ ಬಂದಿತು. ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನು ಇಲ್ಲಿ ನೆನೆಯಲೇಬೇಕು. ಬಿದ್ದ ಅಕ್ಕಿಯನ್ನಾಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮ ಅದನ್ನು ಒಲೆಯ ಮೇಲೇರಿಸದೆ ಹಿಂದಕ್ಕೆ ಕಳುಹಿಸಿದಳು. ಇದನ್ನು ನಿರಾಸೆಯ ಕಥೆಯೆಂದು ಹೇಳುವುದು ವಾಡಿಕೆ. ಹಣಕಾಸಿನ ಕಥೆಯಾಗಿಯೂ ಅದನ್ನು ಓದಬಹುದು. ದಾಸೋಹಕ್ಕೆ ಬೇಕಾದುದು ದೊಡ್ಡ ರಾಶಿಯಲ್ಲ, ನಿತ್ಯವೂ ತಪ್ಪದೆ ಬರುವ ಸಣ್ಣ ಪಾಲು. ಮಿತಿ ಮೀರಿ ಬಂದುದು ಕೊಟ್ಟವನ ಅಹಂಕಾರವನ್ನೂ ಪಡೆದವನ ಆಲಸ್ಯವನ್ನೂ ಬೆಳೆಸುತ್ತದೆ ಎಂಬ ಎಚ್ಚರ ಲಕ್ಕಮ್ಮನಿಗಿತ್ತು.

ಅಂದಿನ ಮಾತುಗಳು ಇಂದಿನವರೆಗೆ ಬಂದುದೂ ಇಂತಹ ಸಣ್ಣ ಪಾಲುಗಳಿಂದಲೇ. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ನೂರೊಂದು ವಿರಕ್ತರು, ಅನಂತರ ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಪರಿವಾರ, ಶೂನ್ಯಸಂಪಾದನೆಯನ್ನು ನಾಲ್ಕು ಸಲ ಕೂಡಿಸಿದ ಸಂಪಾದಕರು, ಇವರಲ್ಲಿ ಕೆಲವರಿಗೆ ಅರಮನೆಯ ಆಸರೆ ದೊರೆತುದು ನಿಜ. ಆದರೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಕಟ್ಟನ್ನು ಹೊತ್ತು ನಡೆದು, ಅಲ್ಲಿ ಕುಳಿತು ಪ್ರತಿ ಮಾಡಿಕೊಂಡು, ತಂದ ಕಟ್ಟನ್ನು ಒಡೆಯರಿಗೆ ಒಪ್ಪಿಸಿದ ಮರಿಗಳ ಹೆಸರುಗಳು ಯಾವ ಕಲ್ಲಿನ ಮೇಲೂ ಇಲ್ಲ. ಅವರು ಕೊಟ್ಟುದು ಕಣ್ಣು ಮತ್ತು ಬೆರಳು. ಅವರಿಗೆ ಅನ್ನವಿಟ್ಟುದು ಹಳ್ಳಿಯ ಭಕ್ತರ ಮನೆಗಳು. ಓಲೆಗರಿಯ ಆ ಜಾಲಕ್ಕೆ ಲೆಕ್ಕಪತ್ರ ಇರಲಿಲ್ಲವೆಂಬ ಕಾರಣಕ್ಕೆ ಅದರ ವೆಚ್ಚವೂ ಇರಲಿಲ್ಲವೆಂದು ತಿಳಿಯಬಾರದು.

ಕೊಡಗಿಗೆ ಮರಳೋಣ. ಹಾಲೇರಿ ವಂಶದ ಅರಸರು ವೀರಶೈವರು. ಎರಡು ಶತಮಾನಗಳಿಗೂ ಮಿಕ್ಕಿ ಅವರು ಆಳಿದ ನಾಡಿನಲ್ಲಿ ಕನ್ನಡವೇ ಅರಮನೆಯ ಬರವಣಿಗೆಯ ಭಾಷೆ. ದೊಡ್ಡವೀರರಾಜೇಂದ್ರನ ಕಾಲದ ರಾಜೇಂದ್ರನಾಮೆ 1633ರಿಂದ 1807ರವರೆಗಿನ ವೃತ್ತಾಂತವನ್ನು ಕನ್ನಡ ಗದ್ಯದಲ್ಲಿ ನಿರೂಪಿಸುತ್ತದೆ. ಅದರ ಬೆಲೆ ಇತಿಹಾಸಕಾರರಿಗೆ ಗೊತ್ತು. ಆದರೆ ಅದು ಹುಟ್ಟಿದುದು ಅರಸನ ಬೊಕ್ಕಸದಿಂದ, ತನ್ನ ವಂಶದ ಹಕ್ಕು ಮತ್ತು ಕೀರ್ತಿಗಳನ್ನು ನಿಲ್ಲಿಸಬೇಕೆಂಬ ಅರಸನ ಇಚ್ಛೆಯಿಂದ. ಒಬ್ಬನೇ ವೆಚ್ಚ ಕೊಡುವ ಗ್ರಂಥದಲ್ಲಿ ಆ ಒಬ್ಬನ ಮುಖವೇ ದೊಡ್ಡದಾಗಿ ಕಾಣುವುದು ಸಹಜ. 1834ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾಗಿ ಕೊಡಗು ಕಂಪೆನಿಯ ಕೈಸೇರಿದಾಗ ಆ ಬೊಕ್ಕಸವೂ ಮುಚ್ಚಿತು.

ಇಲ್ಲಿಂದ ಮುಂದೆ ಕಥೆ ವಿಚಿತ್ರ ತಿರುವು ಪಡೆಯುತ್ತದೆ. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಮಂಗಳೂರಿನ ಕಲ್ಲಚ್ಚಿನ ಮುದ್ರಣಾಲಯದಲ್ಲಿ 1848ರಿಂದ 1853ರವರೆಗೆ ಬಿಬ್ಲಿಯೊಥಿಕಾ ಕರ್ನಾಟಿಕಾ ಎಂಬ ಮಾಲೆಯನ್ನು ಹೊರತಂದನು. ಜೈಮಿನಿಭಾರತ, ದಾಸರ ಪದಗಳು ಮುಂತಾದವುಗಳೊಡನೆ ಬಸವಪುರಾಣವೂ ಚೆನ್ನಬಸವಪುರಾಣವೂ ಆ ಮಾಲೆಯಲ್ಲಿ ಅಚ್ಚಾದುವು. ಇದರ ಹಣಭಾರವನ್ನು ಹೊತ್ತವನು ಕ್ಯಾಸಮೇಜರ್ ಎಂಬ ನಿವೃತ್ತ ಆಂಗ್ಲ ನ್ಯಾಯಾಧೀಶ. ಶಿವಶರಣರ ಪುರಾಣಗಳನ್ನು ಕ್ರೈಸ್ತ ಪಾದ್ರಿಯೊಬ್ಬ ಅಚ್ಚುಹಾಕಿದ, ಅದಕ್ಕೆ ಆಂಗ್ಲ ಅಧಿಕಾರಿಯೊಬ್ಬ ಹಣವಿತ್ತ! ಮೋಗ್ಲಿಂಗನ ಉದ್ದೇಶ ಮತಪ್ರಚಾರವೆಂಬುದನ್ನು ಮರೆಯಬೇಕಾಗಿಲ್ಲ. ಅವನ ಕೈಯಿಂದ ಕನ್ನಡಕ್ಕೆ ಸಂದ ಉಪಕಾರವನ್ನು ಮರೆಯುವುದೂ ಕೃತಜ್ಞರಿಗೆ ಒಪ್ಪುವುದಿಲ್ಲ. 1853ರಲ್ಲಿ ಅವನು ಕೊಡಗಿಗೆ ಬಂದು ನೆಲಸಿದನು. 1855ರಲ್ಲಿ ಅವನ ಕೊಡಗಿನ ವೃತ್ತಾಂತ ಇಂಗ್ಲಿಷಿನಲ್ಲಿ ಪ್ರಕಟವಾಯಿತು, 1857ರಲ್ಲಿ ರಾಜೇಂದ್ರನಾಮೆ ಮಂಗಳೂರಿನಲ್ಲಿ ಅಚ್ಚು ಕಂಡಿತು. ಅರಸನಿಗಾಗಿ ಬರೆದುದು ಅರಸೊತ್ತಿಗೆ ಅಳಿದ ಮೇಲೆ ಓದುಗರ ಕೈಗೆ ಬಂದಿತು. ಆದರೆ ಬಿಬ್ಲಿಯೊಥಿಕಾ ಮಾಲೆ ಐದಾರು ವರ್ಷಗಳಿಗೇ ಮುಗಿಯಿತು. ಒಬ್ಬ ಉದಾರಿಯ ಹೆಗಲ ಮೇಲೆ ನಿಂತ ಕೆಲಸದ ಆಯುಸ್ಸು ಇಷ್ಟೇ.

ಅದೇ ಕಾಲದಲ್ಲಿ, ಅರಸನ ಅಥವಾ ಪಾದ್ರಿಯ ಹಂಗಿಲ್ಲದೆ, ಕೊಡಗಿನ ಹಳ್ಳಿಗಳಲ್ಲಿ ಇನ್ನೊಂದು ಬಗೆಯ ಅರಿವಿನ ಹಂಚಿಕೆ ನಡೆದೇ ಇದ್ದಿತು. ಪುತ್ತರಿಯ ದಿನಗಳಲ್ಲಿ ದುಡಿ ಹಿಡಿದ ನಾಲ್ವರು ಮನೆಮನೆಗೆ ಹೋಗಿ ಮನೆಪಾಟ್ ಹಾಡುತ್ತಾರೆ. ಮನೆಯವರು ಇಚ್ಛೆಯಂತೆ ಕಾಣಿಕೆ ಕೊಡುತ್ತಾರೆ. ಹೀಗೆ ಕೂಡಿದ ಹಣ ಊರಿನವರೆಲ್ಲರ ಸಹಭೋಜನಕ್ಕೆ ಸಲ್ಲುವುದು ಹಿಂದಿನಿಂದ ಬಂದ ವಾಡಿಕೆ. ಹಾಡುಗಾರನಿಗೆ ಇಂತಿಷ್ಟೆಂಬ ದರವಿಲ್ಲ. ಕೊಡದ ಮನೆಯ ಮುಂದೆ ಹಾಡು ನಿಲ್ಲುವುದೂ ಇಲ್ಲ. ನಾಡಿನ ವೀರರ ಕಥೆ, ಮದುವೆ ಮರಣಗಳ ವಿಧಿ, ಹಬ್ಬಗಳ ಕ್ರಮ ಎಲ್ಲವೂ ಈ ಹಾಡುಗಳಲ್ಲಿ ಉಳಿದುಬಂದುವು. ನಡಿಕೇರಿಯಂಡ ಚಿಣ್ಣಪ್ಪನವರು ಅವುಗಳನ್ನು ಕೂಡಿಸಿ ಕನ್ನಡ ಲಿಪಿಯಲ್ಲಿ ಪಟ್ಟೋಲೆ ಪಳಮೆ ಎಂಬ ಹೆಸರಿನಿಂದ 1924ರಲ್ಲಿ ಪ್ರಕಟಿಸಿದರು. ಹಾಡಿದವರೂ ಬೇಡಲಿಲ್ಲ, ಕೂಡಿಸಿದವರೂ ಬೇಡಲಿಲ್ಲ. ಶಾಸನಗಳ ದಾನಕ್ಕಿಂತ ಶರಣರ ದಾಸೋಹಕ್ಕೆ ಇದು ಹತ್ತಿರವೆನ್ನಲು ಸಂಕೋಚಪಡಬೇಕಾಗಿಲ್ಲ.

ಪಟ್ಟೋಲೆ ಪಳಮೆ ಹೊರಬಂದ ಹಿಂದಿನ ವರ್ಷವೇ, 1923ರಲ್ಲಿ, ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಅದರ ಹಸ್ತಪ್ರತಿ ಮೊದಲು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಹೋಗಿ ಅಚ್ಚಾಗದೆ ಹಿಂದಿರುಗಿತೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಏಳು ದಶಕಗಳ ಹಿಂದೆ ಬಸವಪುರಾಣ ಅಚ್ಚಾಗಿದ್ದುದೂ ಅದೇ ಮಿಷನ್ನಿನ ಆಶ್ರಯದಲ್ಲಿ. ಮುದ್ರಣಯಂತ್ರ ಇನ್ನೊಬ್ಬರದಾಗಿದ್ದರೆ ತೀರ್ಮಾನವೂ ಇನ್ನೊಬ್ಬರದೇ ಎಂಬ ಪಾಠವನ್ನು ಹಳಕಟ್ಟಿಯವರು ಕಲಿತರೆಂದು ತೋರುತ್ತದೆ. 1925ರಲ್ಲಿ ಸ್ವಂತ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಸಾವಿರಕ್ಕೂ ಮಿಕ್ಕ ಓಲೆಕಟ್ಟುಗಳನ್ನು ಅವರು ಊರೂರು ತಿರುಗಿ ಕೂಡಿಸಿದರು. 1964ರ ಜೂನ್ 29ರಂದು ಲಿಂಗೈಕ್ಯರಾಗುವವರೆಗೂ ಬಾಡಿಗೆಯ ಮನೆಯ ಬಡತನ ಅವರನ್ನು ಬಿಡಲಿಲ್ಲ. ಅವರ ತ್ಯಾಗವನ್ನು ಸ್ಮರಿಸದ ವೀರಶೈವ ಸಭೆಯಿಲ್ಲ. ಆದರೆ ಆ ತ್ಯಾಗ ಏಕೆ ಅನಿವಾರ್ಯವಾಯಿತೆಂದು ಆ ಸಭೆಗಳು ಕೇಳಿಕೊಂಡುದು ಅಪರೂಪ. ವಚನಗಳನ್ನು ತಮ್ಮವೆಂದು ಹೆಮ್ಮೆಪಟ್ಟ ಮನೆಗಳೆಲ್ಲ ವರ್ಷಕ್ಕೊಂದು ಚಂದಾ ಹಣವನ್ನು ತಪ್ಪದೆ ಕಳುಹಿಸಿದ್ದರೆ, ಒಬ್ಬರು ಮನೆ ಮಾರಬೇಕಾಗುತ್ತಿರಲಿಲ್ಲ.

ಹಲವರ ಸಣ್ಣ ಪಾಲನ್ನು ವ್ಯವಸ್ಥಿತವಾಗಿ ಕೂಡಿಸುವ ಯತ್ನ ಸಂಸ್ಥೆಗಳ ಮೂಲಕ ಬಂದಿತು. 1915ರ ಮೇ 5ರಂದು ಬೆಂಗಳೂರಿನಲ್ಲಿ ಸ್ಥಾಪಿತವಾದ ಸಾಹಿತ್ಯ ಪರಿಷತ್ತು ಮೈಸೂರು ಅರಸರ ಆಶ್ರಯ ಪಡೆದುದಾದರೂ ಸದಸ್ಯರ ವಂತಿಗೆಯೂ ಅದಕ್ಕೆ ಆಧಾರವಾಗಿತ್ತು. ಹದಿನೆಂಟನೆಯ ಸಮ್ಮೇಳನ 1932ರಲ್ಲಿ ಡಿ. ವಿ. ಗುಂಡಪ್ಪನವರ ಅಧ್ಯಕ್ಷತೆಯಲ್ಲಿ ಮಡಿಕೇರಿಯಲ್ಲಿ ಸೇರಿತು. ಕೊಡಗು ಆಗ ಮೈಸೂರಿಗೂ ಸೇರದೆ ಮುಂಬಯಿಗೂ ಸೇರದೆ ಮುಖ್ಯ ಆಯುಕ್ತರ ಆಡಳಿತದಲ್ಲಿದ್ದ ಪುಟ್ಟ ಪ್ರಾಂತ. ರಾಜಕೀಯವಾಗಿ ಹರಿದುಹೋಗಿದ್ದ ನಾಡನ್ನು ಭಾಷೆಯ ಹೆಸರಿನಲ್ಲಿ ಕೂಡಿಸಿದ ಸಭೆಯದು. ಏಕೀಕರಣವಾಗಿ 1956ರಲ್ಲಿ ಕೊಡಗು ಮೈಸೂರು ರಾಜ್ಯವನ್ನು ಸೇರಿದ ಮೇಲೆ 1981ರಲ್ಲಿ ಶಂಬಾ ಜೋಶಿಯವರ, 2014ರಲ್ಲಿ ನಾ. ಡಿಸೋಜರ ಅಧ್ಯಕ್ಷತೆಯಲ್ಲಿ ಮತ್ತೆ ಮಡಿಕೇರಿಯಲ್ಲಿ ಸಮ್ಮೇಳನಗಳಾದುವು. ಸಮ್ಮೇಳನಗಳು ಮೂರು ದಿನದ ಜಾತ್ರೆ. ವರ್ಷವಿಡೀ ನಡೆಯುವ ಕೆಲಸಕ್ಕೆ ಬೇರೆಯೇ ಆಧಾರ ಬೇಕಾಗಿತ್ತು. ಅದು ದತ್ತಿ.

ದತ್ತಿಯ ಏರ್ಪಾಡು ಸರಳವಾದುದು. ಸದಸ್ಯರೊಬ್ಬರು ತಂದೆತಾಯಿಯ ಅಥವಾ ಗುರುಗಳ ನೆನಪಿಗಾಗಿ ಒಂದು ಮೊತ್ತವನ್ನು ಸಂಸ್ಥೆಗೆ ಒಪ್ಪಿಸುತ್ತಾರೆ. ಆ ಮೊತ್ತವನ್ನು ಬ್ಯಾಂಕಿನಲ್ಲಿ ಠೇವಣಿಯಾಗಿಡುತ್ತಾರೆ. ಅಸಲನ್ನು ಮುಟ್ಟುವಂತಿಲ್ಲ, ಬಡ್ಡಿಯಿಂದ ಪ್ರತಿ ವರ್ಷ ಒಂದು ಉಪನ್ಯಾಸ ನಡೆಯಬೇಕು. ಕೇಳುವವರಿಗೆ ಪ್ರವೇಶಧನವಿಲ್ಲ. ಕೊಟ್ಟವರ ಹೆಸರನ್ನು ಅಂದು ಒಮ್ಮೆ ಓದುತ್ತಾರೆ, ಅಷ್ಟೇ. ಬಿಳಿಯೂರಿನ ಕಲ್ಲಿನ ಸ್ಥಾನದಲ್ಲಿ ಬ್ಯಾಂಕಿನ ಠೇವಣಿಪತ್ರ, ಹನ್ನೆರಡು ಹಳ್ಳಿಗಳ ಸ್ಥಾನದಲ್ಲಿ ಕೆಲವು ಸಾವಿರ ರೂಪಾಯಿ. ಆದರೆ ಕೊಡುವವನು ಪೆರ್ಮಾನಡಿಯಲ್ಲ. ನಿವೃತ್ತಿ ವೇತನದಲ್ಲಿ ಬದುಕುವ ಗುಮಾಸ್ತನಿರಬಹುದು, ಎರಡೆಕರೆ ಕಾಫಿ ಮೆಣಸಿನ ರೈತನಿರಬಹುದು. 1986ರಲ್ಲಿ ಸುತ್ತೂರು ಕ್ಷೇತ್ರದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಸ್ಥಾಪಿಸಿದ ಶರಣ ಸಾಹಿತ್ಯ ಪರಿಷತ್ತು ಈ ಕ್ರಮವನ್ನು ವಚನಸಾಹಿತ್ಯಕ್ಕಾಗಿಯೇ ಬಳಸಿಕೊಂಡಿತು. ಕೊಡಗು ಜಿಲ್ಲೆಯಲ್ಲಿಯೂ ಈ ಎರಡು ಪರಿಷತ್ತುಗಳ ದತ್ತಿ ಉಪನ್ಯಾಸಗಳು ಬಹುಮಟ್ಟಿಗೆ ಶಾಲೆ ಕಾಲೇಜುಗಳ ಸಭಾಂಗಣಗಳಲ್ಲಿಯೇ ನಡೆಯುತ್ತವೆ. ಮಳೆಗಾಲದಲ್ಲಿ ಬೆಟ್ಟದ ದಾರಿ ಸವೆಸಿ ಸಂಜೆಯ ಸಭೆಗೆ ಬರುವುದು ಕೇಳುಗರಿಗೆ ಕಷ್ಟ. ಆದುದರಿಂದ ಮಕ್ಕಳಿರುವೆಡೆಗೆ ಉಪನ್ಯಾಸಕನೇ ಹೋಗುವುದು ಇಲ್ಲಿಯ ಭೂಮಿಗೆ ಒಪ್ಪುವ ಉಪಾಯ.

ಈ ಏರ್ಪಾಡಿಗೆ ಒಳಗಿನಿಂದಲೇ ಕುತ್ತು ಬಂದಿರುವುದನ್ನು ಮರೆಮಾಚಬಾರದು. 1986ರ ಸುಮಾರಿನಲ್ಲಿ ಒಬ್ಬರು 5,000 ರೂಪಾಯಿಯ ದತ್ತಿಯಿಟ್ಟರೆಂದು ಇಟ್ಟುಕೊಳ್ಳೋಣ. ದೀರ್ಘಾವಧಿ ಠೇವಣಿಗೆ ಆಗ ಶೇಕಡಾ 10ರ ಆಸುಪಾಸಿನ ಬಡ್ಡಿ. ವರ್ಷಕ್ಕೆ 500 ರೂಪಾಯಿ. ಉಪನ್ಯಾಸಕರ ಬಸ್ಸಿನ ಚಾರ್ಜು, ಕರಪತ್ರ, ಒಂದು ಶಾಲು, ಬಂದವರಿಗೆಲ್ಲ ಕಾಫಿ, ಇಷ್ಟಕ್ಕೂ ಅದು ಸಾಲುತ್ತಿತ್ತು. ಬಡ್ಡಿ ಶೇಕಡಾ 6.5ಕ್ಕೆ ಇಳಿದರೆ ಅದೇ ದತ್ತಿಯಿಂದ ಬರುವುದು 325 ರೂಪಾಯಿ. ಈಗಿನ ಬೆಲೆಗಳಲ್ಲಿ ಅದು ಕರಪತ್ರಕ್ಕೂ ಸಾಲದು. ಅಸಲು ಅಳಿದಿಲ್ಲ, ಸಂಕಲ್ಪ ಅಳಿದಿಲ್ಲ, ರೂಪಾಯಿಯ ಕಸುವು ಮಾತ್ರ ಅಳಿದಿದೆ. ಶಾಸನಗಳ ಶಾಪ ದತ್ತಿಯನ್ನು ಕದ್ದವನಿಗೆ ತಟ್ಟೀತು. ಬೆಲೆಯೇರಿಕೆಗೆ ತಟ್ಟುವ ಶಾಪವನ್ನು ಯಾವ ಶಾಸನಕವಿಯೂ ಬರೆದಿಲ್ಲ. ಭೂಮಿಯ ದತ್ತಿಗೂ ಹಣದ ದತ್ತಿಗೂ ಇರುವ ಅಂತರ ಇಲ್ಲಿ ಕಾಣುತ್ತದೆ. ಬತ್ತದ ಬೆಲೆ ಏರಿದಂತೆ ಗದ್ದೆಯ ಹುಟ್ಟುವಳಿಯ ಬೆಲೆಯೂ ಏರುತ್ತಿತ್ತು. ಠೇವಣಿಗೆ ಆ ಗುಣವಿಲ್ಲ.

ಇದಕ್ಕೆ ಸಂಸ್ಥೆಗಳು ಕಂಡುಕೊಂಡ ದಾರಿ ಎರಡು ಮೂರು ದತ್ತಿಗಳನ್ನು ಒಂದೇ ದಿನ ಕೂಡಿಸಿ ನಡೆಸುವುದು. ವೆಚ್ಚ ಹಂಚಿಹೋಗುತ್ತದೆ, ಆದರೆ ವರ್ಷಕ್ಕೆ ಮೂರು ಸಲ ಮೂರು ಊರುಗಳಲ್ಲಿ ಕೇಳಿಸಬೇಕಾಗಿದ್ದ ಮಾತು ಒಂದೇ ಊರಿನಲ್ಲಿ ಒಂದೇ ಮಧ್ಯಾಹ್ನ ಅವಸರವಾಗಿ ಮುಗಿಯುತ್ತದೆ. ಇನ್ನೊಂದು ದಾರಿ, ದತ್ತಿಯಿಟ್ಟವರ ಮಕ್ಕಳು ಅಸಲಿಗೆ ಆಗಾಗ ಒಂದಿಷ್ಟು ಸೇರಿಸುವುದು. ಮೊದಲನೆಯದು ಲೆಕ್ಕಿಗನಿಗೆ ಒಪ್ಪುವ ಉಪಾಯ. ಎರಡನೆಯದೇ ದಾಸೋಹಕ್ಕೆ ಒಪ್ಪುವುದು. ಒಮ್ಮೆ ಕೊಟ್ಟು ಮುಗಿಸಿದೆವೆಂಬ ಭಾವ ಲಕ್ಕಮ್ಮನ ಒಲೆಯ ಬಳಿ ನಿಲ್ಲುತ್ತಿರಲಿಲ್ಲ.

ಇನ್ನೊಂದು ತೊಡಕು ವಿಷಯಕ್ಕೆ ಸಂಬಂಧಿಸಿದುದು. ದತ್ತಿಯಿಟ್ಟವರು ಉಪನ್ಯಾಸದ ವಿಷಯವನ್ನೂ ಗೊತ್ತುಪಡಿಸಬಹುದು. ಬಸವಣ್ಣನವರು, ಅಕ್ಕಮಹಾದೇವಿ, ಅಲ್ಲಮಪ್ರಭುಗಳು ಎಂಬ ಹೆಸರುಗಳು ಮತ್ತೆ ಮತ್ತೆ ಬರುವುದು ಭಕ್ತಿಯ ದೃಷ್ಟಿಯಿಂದ ತಪ್ಪಲ್ಲ. ಆದರೆ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ 1993ರಲ್ಲಿ ಸುಲಭ ಬೆಲೆಗೆ ಹೊರತಂದ ಸಮಗ್ರ ವಚನಸಂಪುಟಗಳು ಹದಿನೈದು. ಅವುಗಳಲ್ಲಿರುವ ವಚನಗಳು ಇಪ್ಪತ್ತು ಸಾವಿರಕ್ಕೂ ಮಿಕ್ಕು. ಸಂಕೀರ್ಣ ಸಂಪುಟಗಳಲ್ಲಿ ಹತ್ತಿಪ್ಪತ್ತು ವಚನಗಳ ಕರ್ತೃಗಳಾಗಿ ಉಳಿದಿರುವ ಶರಣಶರಣೆಯರಿಗೆ ದತ್ತಿಯಿಡುವವರು ಯಾರು? ಇಂಥ ವಿಷಯವೇ ಆಗಬೇಕೆಂದು ಕಟ್ಟುಹಾಕದೆ ಕೊಟ್ಟ ದತ್ತಿಯೇ ವಿದ್ಯಾರ್ಥಿಗೆ ಹೆಚ್ಚು ಉಪಕಾರಿ.

ಇಷ್ಟೆಲ್ಲ ತೊಡಕಿರುವುದಾದರೆ ಸರ್ಕಾರವೇ ಕರ ಹಾಕಿ ಈ ಕೆಲಸ ಮಾಡಬಾರದೇ ಎಂದು ಕೇಳುವವರಿದ್ದಾರೆ. ಸರ್ಕಾರ ಹಾಗೆ ಮಾಡಿಯೂ ಇದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಂತೆ ಕಟ್ಟಡ ಮತ್ತು ನಿವೇಶನಗಳ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ವಸೂಲು ಮಾಡಲಾಗುತ್ತದೆ. ಈಗ ಅದು ಶೇಕಡಾ 6. ಓದುವವನೂ ಓದದವನೂ ಸಮಾನವಾಗಿ ಕೊಡುವ ಈ ಕರದಿಂದ ಹಳ್ಳಿಹಳ್ಳಿಗೆ ಪುಸ್ತಕ ಮುಟ್ಟಿದುದು ಸಣ್ಣ ಸಾಧನೆಯಲ್ಲ. ಆದರೂ ವಸೂಲಾದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ತಡವಾಗಿ ಸಲ್ಲಿಸುವುದು ನಾಡಿನ ಹಳೆಯ ದೂರು. ಕರಕ್ಕೆ ಬಲವಿದೆ, ಪ್ರೀತಿಯಿಲ್ಲ. ಕಾಣಿಕೆಗೆ ಪ್ರೀತಿಯಿದೆ, ನಿಯಮವಿಲ್ಲ. ಎರಡೂ ಇರಬೇಕೆಂಬುದೇ ವಿವೇಕ. ಗ್ರಂಥಾಲಯದ ಕಪಾಟಿನಲ್ಲಿ ವಚನಸಂಪುಟವನ್ನು ಇರಿಸಲು ಕರದಿಂದ ಸಾಧ್ಯ. ಅದನ್ನು ತೆರೆದು ಹುಡುಗನೊಬ್ಬನ ಮುಂದಿಟ್ಟು ಅರ್ಥ ಹೇಳುವವನನ್ನು ಅಲ್ಲಿಗೆ ಕಳುಹಿಸುವುದು ದತ್ತಿಯ ಕೆಲಸ.

ಲೋಕದ ಬೇರೆಡೆಯಲ್ಲಿಯೂ ಇದೇ ಪ್ರಶ್ನೆ ಎದ್ದಿದೆ. 2001ರಲ್ಲಿ ಆರಂಭವಾದ ವಿಕಿಪೀಡಿಯವೆಂಬ ವಿಶ್ವಕೋಶವು ಬರೆಯುವವರಿಗೆ ಸಂಭಾವನೆ ಕೊಡುವುದಿಲ್ಲ, ಓದುವವರಿಂದ ಶುಲ್ಕ ಪಡೆಯುವುದಿಲ್ಲ, ಜಾಹೀರಾತನ್ನೂ ಹಾಕುವುದಿಲ್ಲ. ಓದುಗರು ಸ್ವ-ಇಚ್ಛೆಯಿಂದ ಕೊಡುವ ಸಣ್ಣ ಸಣ್ಣ ಮೊತ್ತಗಳೇ ಅದರ ಮುಖ್ಯ ಆದಾಯ. ಓದುವವರಲ್ಲಿ ಬಹುಪಾಲು ಜನ ಏನನ್ನೂ ಕೊಡುವುದಿಲ್ಲ. ಕೊಡುವ ಕೆಲವರಿಂದಲೇ ಎಲ್ಲರಿಗೂ ಬಾಗಿಲು ತೆರೆದಿರುತ್ತದೆ. 2003ರಿಂದ ಕನ್ನಡದಲ್ಲಿಯೂ ಅದು ಇದೆ. ಪುತ್ತರಿಯ ಮನೆಪಾಟನ್ನು ಬಲ್ಲ ಕೊಡಗಿನವರಿಗೆ ಈ ಲೆಕ್ಕ ಅಚ್ಚರಿಯೆನಿಸಲಾರದು.

ಕೊಡಗಿನ ದತ್ತಿಗಳಲ್ಲಿ ಒಂದನ್ನು ಬೇರೆಯಾಗಿ ಹೆಸರಿಸಬೇಕು. ಕೊಡಗಿನ ಗೌರಮ್ಮ ಎಂದು ನಾಡು ಕರೆದ ಕಥೆಗಾರ್ತಿ 1912ರಲ್ಲಿ ಹುಟ್ಟಿ 1939ರ ಏಪ್ರಿಲಿನಲ್ಲಿ ನೀರುಪಾಲಾದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಅವರ ಕಥೆಗಳು ಪುಸ್ತಕವಾದುದು ಮರಣಾನಂತರ. ಕಂಬನಿ ಸಂಕಲನಕ್ಕೆ ಬೇಂದ್ರೆಯವರು ಮುನ್ನುಡಿ ಬರೆದರು. ಬದುಕಿದ್ದಾಗ ತನ್ನ ಪುಸ್ತಕವನ್ನು ಕೈಯಲ್ಲಿ ಹಿಡಿಯುವ ಭಾಗ್ಯ ಅವರಿಗಿರಲಿಲ್ಲ. ಅವರ ಹೆಸರಿನ ದತ್ತಿನಿಧಿಯಿಂದ ಜಿಲ್ಲಾ ಕನ್ನಡ ಸಾಹಿತ್ಯ ಪರಿಷತ್ತು ಕೊಡಗಿನ ಮಹಿಳೆಯರು ಬರೆದು ಪ್ರಕಟಿಸಿದ ಕೃತಿಗಳಿಗೆ ಬಹುಮಾನ ಕೊಡುತ್ತದೆ. ಬಹುಮಾನದ ಮೊತ್ತ ದೊಡ್ಡದಲ್ಲ. ಅದಕ್ಕೆ ಕಳುಹಿಸುವ ಪುಸ್ತಕಗಳಲ್ಲಿ ಬರೆದವರೇ ಹಣ ಹಾಕಿ ಅಚ್ಚುಹಾಕಿಸಿದವೂ ಇರುತ್ತವೆ.